ವಜ್ರಕ್ಕಿಂತ ಗಟ್ಟಿ ಟಿಪ್ ಬೇಕು ಅನ್ನುವವರಿಗೆ

ತುಮಕೂರಿನ ವಸಂತನರಸಾಪುರದ ಮೆಷಿನ್ ಶಾಪ್‌ಗಳಿಂದ ನನಗೆ ಬರುವ ಫೋನ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ಮಾತು. "ಸಾರ್, ವಜ್ರಕ್ಕಿಂತ ಗಟ್ಟಿ ಏನೋ ಬಂದಿದೆಯಂತೆ, ಅದರಲ್ಲಿ ಟಿಪ್ ಮಾಡಿಕೊಡಿ." ಟಿಪ್ ಅಂದರೆ ಲೇತ್‌ನಲ್ಲಿ ಲೋಹ ಕೆತ್ತುವ ಮೊನೆ. ಯಾಕಪ್ಪಾ ಅಂದರೆ, ಈಗಿನದು ಚಿಪ್ ಆಗುತ್ತಿದೆಯಂತೆ, ಅಂದರೆ ಅಂಚು ಉದುರುತ್ತಿದೆಯಂತೆ. ಅಲ್ಲ, ಚಿಪ್ ಆಗುವ ಕಡೆ ಇನ್ನೂ ಗಟ್ಟಿಯದನ್ನು ಹಾಕಿದರೆ ಸಾಮಾನ್ಯವಾಗಿ ಇನ್ನೂ ಬೇಗ ಚಿಪ್ ಆಗುತ್ತದೆ! ಸವೆಯದಿರುವುದು ಬೇರೆ, ಒಡೆಯದಿರುವುದು ಬೇರೆ. ವಜ್ರದ ಮೇಲೆ ಗೀರು ಹಾಕುವುದು ಕಷ್ಟ, ಸುತ್ತಿಗೆಯಲ್ಲಿ ಹೊಡೆದರೆ ಸೀಳಿಹೋಗುತ್ತದೆ.

ಆ ಗಟ್ಟಿತನದ ಅಂಕಿ ಎಲ್ಲಿಂದ ಬರುತ್ತದೆ ನೋಡಿ. ವಜ್ರದ ಮೊನೆಯೊಂದನ್ನು ಇಂತಿಷ್ಟು ಭಾರ ಹಾಕಿ ಒತ್ತುತ್ತಾರೆ, ಬಿದ್ದ ಗುಳಿ ಅಳೆಯುತ್ತಾರೆ. ಆ ಲೆಕ್ಕ ಗಿಗಾಪಾಸ್ಕಲ್ ಅನ್ನುವ ಅಳತೆಯಲ್ಲಿ ಬರುತ್ತದೆ, 40 ದಾಟಿದರೆ ಸೂಪರ್‌ಹಾರ್ಡ್ ಅನ್ನುತ್ತಾರೆ. 2007ರಲ್ಲಿ ಅಮೆರಿಕದ ವಿಜ್ಞಾನಿ ರಿಚರ್ಡ್ ಕೇನರ್ ತಂಡದ ರೀನಿಯಂ ಡೈಬೋರೈಡ್ ಅನ್ನುವ ಪದಾರ್ಥ 48 ತೋರಿಸಿತು, ಆದರೆ ಅದು ಬರೀ 50 ಗ್ರಾಂ ಭಾರದಲ್ಲಿ. ಅರ್ಧ ಕಿಲೋ ಹಾಕಿದಾಗ 30ರ ಹತ್ತಿರಕ್ಕೆ ಇಳಿಯಿತು. ಒಳ್ಳೆಯ ಸಂಶೋಧನೆಯೇ, ನನಗೆ ಅದರ ಮೇಲೆ ಗೌರವವಿದೆ. ಆದರೆ ನಿಮ್ಮ ಲೇತ್‌ನಲ್ಲಿ ಬೀಳುವ ಹೊರೆ ಗ್ರಾಂ ಲೆಕ್ಕದ್ದಲ್ಲ.

ಇನ್ನೊಂದು ವಿಷಯ, ಇದನ್ನು ಯಾರೂ ನಂಬುವುದಿಲ್ಲ. ಹಾರ್ಡನ್ ಮಾಡಿದ ಸ್ಟೀಲ್ ಶಾಫ್ಟಿಗೆ ಟಿಪ್ ಎಲ್ಲೂ ಬಿಡದೆ ತಾಗಿಕೊಂಡೇ ಫಿನಿಶಿಂಗ್ ಮಾಡುವಾಗ 90 ಪರ್ಸೆಂಟ್ ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್, ವಜ್ರದ ನಂತರದ ಗಟ್ಟಿ ಪದಾರ್ಥಗಳಲ್ಲೊಂದು) ಇರುವ ಟಿಪ್‌ಗಿಂತ 50-60 ಪರ್ಸೆಂಟ್ ಇರುವುದೇ ಸಾಮಾನ್ಯವಾಗಿ ಜಾಸ್ತಿ ಬಾಳಿಕೆ ಬರುತ್ತದೆ. ಅಷ್ಟು ಕಾವಿನಲ್ಲಿ ಉಳಿದ ಭಾಗದ, ಕಣಗಳನ್ನು ಹಿಡಿದಿಡುವ ಟೈಟಾನಿಯಂ ನೈಟ್ರೈಡ್ ಬೈಂಡರ್ ಕಬ್ಬಿಣದ ಜೊತೆ ಅಷ್ಟು ಸುಲಭವಾಗಿ ಬೆರೆಯುವುದಿಲ್ಲ, ಅದಕ್ಕೇ. ವಜ್ರವಂತೂ ಬೇಡವೇ ಬೇಡ, ಬಿಸಿ ಕಬ್ಬಿಣ ಅದರ ಕಾರ್ಬನ್ ತಿಂದುಹಾಕುತ್ತದೆ.

ಗುಬ್ಬಿ ಕಡೆಯ ಒಬ್ಬ ಹುಡುಗ ಕೀ-ವೇ, ಅಂದರೆ ಉದ್ದಕ್ಕೆ ಕೊರೆದ ತೋಡು ಇರುವ ಶಾಫ್ಟ್ ತಂದಿದ್ದ. ಬಹಳ ಒಳ್ಳೆಯ ಕೆಲಸಗಾರ, ಸದ್ದು ಕೇಳಿಯೇ ಟಿಪ್ ಹೋಯಿತು ಅನ್ನುತ್ತಾನೆ. ಶಾಫ್ಟ್ ಒಂದು ಸುತ್ತು ಬಂದಾಗಲೆಲ್ಲ ಆ ತೋಡು ಟಿಪ್ಪಿಗೆ ಒಂದು ಏಟು ಕೊಡುತ್ತಿತ್ತು, ನಿಮಿಷಕ್ಕೆ ನೂರಾರು ಏಟು. ನಾವು ಪದಾರ್ಥ ಬದಲಿಸಲೇ ಇಲ್ಲ. ಮೊನೆಗೆ ಸಣ್ಣದೊಂದು ಚಾಂಫರ್ ಕೊಟ್ಟೆವು, ಅಂದರೆ ಚೂಪು ಅಂಚನ್ನು ಸ್ವಲ್ಪ ಓರೆಯಾಗಿ ತೀಡಿದೆವು, ಅಷ್ಟಕ್ಕೇ ಅಂಚು ಉದುರುವುದು ನಿಂತಿತು. "ದುಡ್ಡು ಕೊಟ್ಟು ಮೊಂಡು ಮಾಡಿಸ್ಕೊಂಡಂಗಾಯ್ತಲ್ಲ ಸಾರ್" ಅಂದ.

ಎಲ್ಲ ಕೆಲಸಕ್ಕೂ ಇದೇ ಮದ್ದು ಅಂತ ಹೇಳಲಾರೆ, ಮೆಷಿನ್ ಅಲುಗಾಡುತ್ತಿದ್ದರೆ ಯಾವ ಟಿಪ್ಪೂ ನಿಲ್ಲುವುದಿಲ್ಲ. ಹಾಗಾಗಿ ಫೋನ್‌ನಲ್ಲಿ ಸುಮ್ನೆ ಅಂಕಿ ಕೇಳಬೇಡಿ. ಹಾಳಾದ ಟಿಪ್ಪನ್ನೇ ತನ್ನಿ, ಉಜ್ಜಿ ಒರೆಸದೆ. ಗುಳಿ ಬಿದ್ದಿದೆಯೋ, ಅಂಚು ಉದುರಿದೆಯೋ ಲೆನ್ಸ್ ಇಟ್ಟು ನೋಡಿ ಆಮೇಲೆ ಗ್ರೇಡ್ ಮಾತಾಡೋಣ.