ಈರುಳ್ಳಿಗೆ ನೇರ ದಾರಿ, ಮನುಷ್ಯರಿಗೆ ಸುತ್ತುದಾರಿ: ಲಕ್ಷದ್ವೀಪದ ವಿಮಾನಗಳ ಹಿಂದಿನ ಕಥೆ

ಮಳೆಗಾಲ ಮುಗಿದು ಸೆಪ್ಟೆಂಬರ್ ಕಳೆಯುತ್ತಿದ್ದಂತೆ ಮಂಗಳೂರಿನ ಹಳೆ ಬಂದರಿನಲ್ಲಿ ಮಂಜಿಗಳಿಗೆ, ಅಂದರೆ ಸರಕು ಸಾಗಿಸುವ ಮರದ ಹಡಗುಗಳಿಗೆ, ಜೀವ ಬರುತ್ತದೆ. ಅವುಗಳ ಮರದ ಹೊಟ್ಟೆಗೆ ಸಿಮೆಂಟ್ ಮೂಟೆ, ಜಲ್ಲಿ, ಅಕ್ಕಿ, ತರಕಾರಿ, ಈರುಳ್ಳಿ ಇಳಿಯುತ್ತವೆ. ಇವೆಲ್ಲ ಹೋಗುವುದು ಲಕ್ಷದ್ವೀಪಕ್ಕೆ, ಯಾವ ಊರನ್ನೂ ಬಳಸದೆ, ನೇರ ಪಡುವಣಕ್ಕೆ. ಆದರೆ ಅದೇ ದ್ವೀಪಕ್ಕೆ ಮಂಗಳೂರಿನ ಒಬ್ಬ ಮನುಷ್ಯ ಹೋಗಬೇಕೆಂದರೆ ಸಾಮಾನ್ಯವಾಗಿ ಮೊದಲು ದಕ್ಷಿಣಕ್ಕೆ, ಕೊಚ್ಚಿಗೆ ಹೋಗಿ, ಅಲ್ಲಿಂದ ಹಡಗನ್ನೋ ವಿಮಾನವನ್ನೋ ಹಿಡಿದು ಮತ್ತೆ ವಾಯವ್ಯಕ್ಕೆ ತಿರುಗಬೇಕು.

ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ನೋಡಿದವರಿಗೆ ಇದು ವಿಚಿತ್ರವೆನಿಸುತ್ತದೆ. ಅಮಿನಿ ದ್ವೀಪ ಕೊಚ್ಚಿಯಿಂದ 407 ಕಿಲೋಮೀಟರ್ ದೂರ; ಮಂಗಳೂರಿನಿಂದ ನೇರ ಗೆರೆ ಎಳೆದರೆ ಸುಮಾರು 300. ಕಿಲ್ತಾನ್ ಇನ್ನೂ ಹತ್ತಿರ, 250ರ ಆಸುಪಾಸು. ಇಡೀ ದ್ವೀಪಸಮೂಹಕ್ಕಿರುವ ಒಂದೇ ಒಂದು ವಿಮಾನ ನಿಲ್ದಾಣ ಅಗತ್ತಿಯಲ್ಲಿದೆ. ಅದು ಕೂಡ ಕೊಚ್ಚಿಗಿಂತ ಮಂಗಳೂರಿಗೇ ಸಮೀಪ. ಹಾಗಿದ್ದೂ ದಾರಿ ಹೀಗೇಕೆ ಸುತ್ತಿಕೊಂಡಿತು ಎಂಬುದಕ್ಕೆ ಉತ್ತರ ಅರ್ಧ ಇತಿಹಾಸದಲ್ಲಿದೆ, ಇನ್ನರ್ಧ ರನ್‌ವೇಯ ಉದ್ದದಲ್ಲಿ.

ಇತಿಹಾಸದ ಅರ್ಧ ನಮಗೆ ತೀರ ಹತ್ತಿರದ್ದು. ಹದಿನೆಂಟನೆಯ ಶತಮಾನದಲ್ಲಿ ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ಹಿಡಿತದಲ್ಲಿದ್ದವು. ಆ ಆಳ್ವಿಕೆಗೆ ಬೇಸತ್ತ ಅಮಿನಿಯ ಕೆಲವರು 1783ರಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನನ್ನು ಕಂಡು, ನಮ್ಮನ್ನು ನೀವೇ ನೋಡಿಕೊಳ್ಳಿ ಎಂದು ಕೇಳಿಕೊಂಡರು. ಹಾಗೆ ಉತ್ತರದ ಐದು ದ್ವೀಪಗಳು, ಅಂದರೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ಮತ್ತು ಬಿತ್ರಾ, ಟಿಪ್ಪುವಿನ ಕೈಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಅವನ್ನು ಅಂದಿನ ಕೆನರಾ (ಮುಂದೆ ದಕ್ಷಿಣ ಕನ್ನಡ) ಜಿಲ್ಲೆಗೆ ಸೇರಿಸಿದರು. ಅಲ್ಲಿಂದ ಮುಂದೆ ಒಂದೂವರೆ ಶತಮಾನ ಆ ದ್ವೀಪಗಳ ಕಾಗದಪತ್ರ, ತೆಂಗಿನ ನಾರಿನ ಲೆಕ್ಕ, ಅದಕ್ಕೆ ಬದಲಾಗಿ ಕೊಡುವ ಅಕ್ಕಿಯ ಲೆಕ್ಕ ಎಲ್ಲವೂ ಮಂಗಳೂರಿನಲ್ಲಿ ನಡೆದವು. ದ್ವೀಪದ ಓಡಂ ಎಂಬ ಹಾಯಿದೋಣಿಗಳು ಕೊಬ್ಬರಿ, ನಾರು, ಬೆಲ್ಲ ಹೊತ್ತು ಬಂದು ಅಕ್ಕಿ ಹೊತ್ತು ಮರಳುತ್ತಿದ್ದವು.

1956ರ ನವೆಂಬರ್ 1, ಕನ್ನಡಿಗರು ಏಕೀಕರಣವೆಂದು ನೆನೆಯುವ ದಿನ, ಈ ಎಳೆ ಕಡಿದ ದಿನವೂ ಹೌದು. ಅಂದು ದ್ವೀಪಗಳು ಕೇಂದ್ರಾಡಳಿತ ಪ್ರದೇಶವಾದವು. ಆಡಳಿತ ಕಚೇರಿ 1964ರವರೆಗೆ ಕೋಯಿಕ್ಕೋಡಿನಲ್ಲಿದ್ದು, ನಂತರ ಕವರತ್ತಿಗೆ ಹೋಯಿತು. ಮಿನಿಕಾಯ್ ಬಿಟ್ಟರೆ ಉಳಿದೆಲ್ಲೆಡೆ ಮನೆಮಾತು ಮಲಯಾಳದ್ದೇ ಒಂದು ರೂಪ. ನ್ಯಾಯಕ್ಕೆ ಕೇರಳ ಹೈಕೋರ್ಟ್. ಹಡಗುಗಳ ನೆಲೆ ಕೊಚ್ಚಿ. ಹಾಗಾಗಿ ಮುಖ ಅತ್ತ ತಿರುಗಿದ್ದು ಸಹಜವೇ. ಮಂಗಳೂರಿಗೆ ಉಳಿದದ್ದು ಮಂಜಿ ಮತ್ತು ಆಗೊಮ್ಮೆ ಈಗೊಮ್ಮೆ ಬರುವ ಪ್ರಯಾಣಿಕರ ಹಡಗು.

ವಿಮಾನ ಬಂದದ್ದು 1988ರಲ್ಲಿ. ಆ ವರ್ಷದ ಏಪ್ರಿಲ್ 16ರಂದು ಅಗತ್ತಿಯ ನಿಲ್ದಾಣ ಉದ್ಘಾಟನೆಯಾಯಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ ಪ್ರಧಾನಿ ರಾಜೀವ್ ಗಾಂಧಿ ಪಕ್ಕದ ಬಂಗಾರಂ ದ್ವೀಪದಲ್ಲಿ ಹೊಸ ವರ್ಷದ ರಜೆ ಕಳೆದು ದೊಡ್ಡ ಸುದ್ದಿಯಾಗಿತ್ತು. ಲಕ್ಷದ್ವೀಪ ಎಂಬುದೊಂದಿದೆ ಎಂದು ಒಳನಾಡಿನ ದೇಶಕ್ಕೆ ನೆನಪಾಗಬೇಕಾದರೆ ಯಾರಾದರೂ ಪ್ರಧಾನಿ ಅಲ್ಲಿನ ಮರಳಿನ ಮೇಲೆ ನಡೆಯಬೇಕೇನೋ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಅಗತ್ತಿ ಏಳೂವರೆ ಕಿಲೋಮೀಟರ್ ಉದ್ದದ, ಕೋಲಿನಂಥ ದ್ವೀಪ. ಅದರ ದಕ್ಷಿಣದ ಚೂಪು ತುದಿಯಲ್ಲಿ ರನ್‌ವೇ ಇದೆ. ಮೇಲಿಂದ ನೋಡಿದರೆ ದ್ವೀಪದ ಮೇಲೆ ರನ್‌ವೇ ಇದೆ ಅನ್ನಿಸುವುದಿಲ್ಲ, ರನ್‌ವೇಗೆ ಎರಡೂ ಬದಿ ತೆಳ್ಳಗೆ ಮರಳಿನ ಅಂಚು ಕಟ್ಟಿದಂತೆ ಕಾಣುತ್ತದೆ. ಉದ್ದ ಸುಮಾರು 1,200 ಮೀಟರ್. ಮಂಗಳೂರಿನ ಕೆಂಜಾರು ಗುಡ್ಡದ ಮೇಲಿನ ರನ್‌ವೇ 2,450 ಮೀಟರ್ ಇದೆ. ಅದನ್ನೇ ನಾವು ಗಿಡ್ಡವೆಂದು ಬೈಯುತ್ತೇವೆ. ಅಗತ್ತಿಯದು ಅದರ ಅರ್ಧ.

ಈ ಒಂದು ಅಳತೆಯೇ ಅಂದಿನಿಂದ ಇಂದಿನವರೆಗೆ ದ್ವೀಪದ ವೇಳಾಪಟ್ಟಿ ಬರೆಯುತ್ತಾ ಬಂದಿದೆ. ವಿಮಾನ ಭಾರವಾದಷ್ಟೂ ನೆಲ ಬಿಡಲು ಹೆಚ್ಚು ಓಟ ಬೇಕು. ಬಿಸಿಲೇರಿದಂತೆ ಗಾಳಿ ತೆಳುವಾಗಿ ಆ ಓಟ ಇನ್ನೂ ಉದ್ದವಾಗುತ್ತದೆ. ಓಡಲು ನೆಲವಿಲ್ಲದಿದ್ದರೆ ಭಾರ ಇಳಿಸುವುದೊಂದೇ ದಾರಿ, ಮತ್ತು ವಿಮಾನದಲ್ಲಿ ಇಳಿಸಬಹುದಾದ ಭಾರವೆಂದರೆ ಜನ, ಅವರ ಗಂಟುಮೂಟೆ ಮತ್ತು ಇಂಧನ. ಸಮುದ್ರದ ಮೇಲೆ ಹಾರುವಾಗ ಇಂಧನದಲ್ಲಿ ಚೌಕಾಸಿ ಮಾಡುವಂತಿಲ್ಲ. ಉಳಿದದ್ದು ಜನ. ಹೀಗಾಗಿ ಅಗತ್ತಿಗೆ ಜೆಟ್ ವಿಮಾನದ ಮಾತೇ ಇಲ್ಲ. ಎಪ್ಪತ್ತು ಸೀಟಿನ ವಿಮಾನ ಬಂದರೂ ಎಪ್ಪತ್ತೂ ಸೀಟು ಮಾರಲಾಗುವುದಿಲ್ಲ. ಹೊರಗಿನಿಂದ ನೋಡುವವರು, ಟಿಕೆಟ್ ಸಿಗುವುದಿಲ್ಲ ಎನ್ನುತ್ತೀರಿ, ಒಳಗೆ ಸೀಟು ಖಾಲಿ ಇವೆಯಲ್ಲ ಎಂದು ಕೇಳಿದರೆ ಉತ್ತರ ಇದೇ.

ಮೊದಲು ಬಂದದ್ದು ವಾಯುದೂತ್ ಸಂಸ್ಥೆಯ ಡಾರ್ನಿಯರ್ 228. ಹತ್ತೊಂಬತ್ತು ಸೀಟಿನ, ಮಿನಿ ಬಸ್ಸಿಗೆ ರೆಕ್ಕೆ ಕಟ್ಟಿದಂಥ ವಿಮಾನ. ದೊಡ್ಡ ಕಂಪನಿಗಳು ಮೂಸಿಯೂ ನೋಡದ ಸಣ್ಣ ಊರುಗಳಿಗೆ ಹಾರಲೆಂದೇ ಸರಕಾರ 1981ರಲ್ಲಿ ವಾಯುದೂತ್ ಹುಟ್ಟುಹಾಕಿತ್ತು. ಅದು ಲಾಭ ಕಾಣಲಿಲ್ಲ. 1993ರಲ್ಲಿ ಇಂಡಿಯನ್ ಏರ್‌ಲೈನ್ಸ್ ಜತೆ ವಿಲೀನಗೊಳಿಸುವ ತೀರ್ಮಾನವಾಯಿತು. ಬೇರೆ ಎಷ್ಟೋ ಊರುಗಳ ಪಾಲಿಗೆ ವಾಯುದೂತ್ ಹೋದದ್ದೆಂದರೆ ವಿಮಾನವೇ ಹೋದದ್ದು. ಅಗತ್ತಿಯನ್ನು ಹಾಗೆ ಕೈಬಿಡಲಾಗಲಿಲ್ಲ, ಏಕೆಂದರೆ ಅಲ್ಲಿಗೆ ಬಸ್ಸು ಬಿಡಲು ಬರುವುದಿಲ್ಲವಲ್ಲ. ಇಂಡಿಯನ್ ಏರ್‌ಲೈನ್ಸ್ ಅದೇ ಡಾರ್ನಿಯರ್‌ಗಳನ್ನು ಮುಂದುವರಿಸಿತು. 2006ರಲ್ಲಿ ರನ್‌ವೇಯನ್ನು ಗಟ್ಟಿಗೊಳಿಸಲು ನಿಲ್ದಾಣವನ್ನೇ ಮುಚ್ಚಿದಾಗ ಪವನ್ ಹನ್ಸ್ ಹೆಲಿಕಾಪ್ಟರ್‌ಗಳೇ ಗತಿಯಾದವು. ಆ ಕೆಲಸದ ಫಲವಾಗಿ ಐವತ್ತಕ್ಕೂ ಕಡಿಮೆ ಸೀಟಿನ ಎಟಿಆರ್ 42 ವಿಮಾನಕ್ಕೆ ಅಗತ್ತಿ ತೆರೆದುಕೊಂಡಿತು. ಹತ್ತೊಂಬತ್ತರಿಂದ ಅಲ್ಲಿಗೆ ಏರಿದ್ದು ದ್ವೀಪದ ಪಾಲಿಗೆ ಸಣ್ಣ ಸಂಗತಿಯಲ್ಲ.

ಬೆಂಗಳೂರಿನ ಕಿಂಗ್‌ಫಿಷರ್ ಕೂಡ ಕೆಲಕಾಲ ಇಲ್ಲಿಗೆ ಹಾರಿತು. ಒಂದೇ ಸಂಸ್ಥೆಯ ಮುಖ ನೋಡಿಕೊಂಡು ಕೂರುತ್ತಿದ್ದ ದ್ವೀಪಕ್ಕೆ ಎರಡನೆಯ ಬಾಗಿಲು ಸಿಕ್ಕಿತ್ತು. ಮುಂದಿನ ಕಥೆ ಎಲ್ಲರಿಗೂ ಗೊತ್ತು: 2012ರ ಅಕ್ಟೋಬರ್‌ನಲ್ಲಿ ಕಂಪನಿಯ ಪರವಾನಗಿ ಅಮಾನತಾಯಿತು. ಬೆಂಗಳೂರಿನಲ್ಲಿ ಕಿಂಗ್‌ಫಿಷರ್ ಕುಸಿದಾಗ ಪ್ರಯಾಣಿಕರು ಗೊಣಗುತ್ತಾ ಮತ್ತೊಂದು ಕೌಂಟರಿಗೆ ಹೋದರು. ಅಗತ್ತಿಯಲ್ಲಿ ಮತ್ತೊಂದು ಕೌಂಟರೆಂದರೆ ಏರ್ ಇಂಡಿಯಾ ಬಳಗದ ಅಲಯನ್ಸ್ ಏರ್ ಮಾತ್ರ. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಪಾಲಾದಾಗಲೂ ಅಲಯನ್ಸ್ ಏರ್ ಸರಕಾರದ ಬಳಿಯೇ ಉಳಿಯಿತು. ಖಾಸಗಿ ಕೈಗೆ ಹೋಗಿದ್ದರೆ ಕೊಚ್ಚಿ–ಅಗತ್ತಿ ದಾರಿಯ ಗತಿ ಏನಾಗುತ್ತಿತ್ತೋ ಎಂದು ಯೋಚಿಸಿದರೆ, ನಷ್ಟದ ಸಾರ್ವಜನಿಕ ಸಂಸ್ಥೆಗಳ ಬಗ್ಗೆ ನಾವು ಆಡುವ ಮಾತುಗಳನ್ನು ಕೊಂಚ ಮೆಲ್ಲಗೆ ಆಡಬೇಕೆನಿಸುತ್ತದೆ.

ವಿಮಾನ ತಪ್ಪಿದರೆ ಹಡಗಿದೆಯಲ್ಲ ಎನ್ನಬಹುದು. ಇದೆ. ಕೊಚ್ಚಿಯಿಂದ ಹದಿನಾಲ್ಕರಿಂದ ಇಪ್ಪತ್ತು ಗಂಟೆಯ ದಾರಿ. ದ್ವೀಪವಾಸಿಗಳಿಗೆ ದರ ಕಡಿಮೆ, ಗಂಟುಮೂಟೆ ಒಯ್ಯಬಹುದು, ಮದುವೆಯ ಬಟ್ಟೆಯಿಂದ ಹಿಡಿದು ಫ್ರಿಜ್‌ವರೆಗೆ ಎಲ್ಲವೂ ಅದರಲ್ಲೇ ಬರುತ್ತದೆ. ಹೆಚ್ಚಿನ ದ್ವೀಪಗಳಲ್ಲಿ ಹಡಗು ಲಗೂನಿನ, ಅಂದರೆ ಹವಳದ ದಿಬ್ಬದೊಳಗಿನ ಆಳವಿಲ್ಲದ ನೀರಿನ, ಹೊರಗೆ ನಿಲ್ಲುತ್ತದೆ, ಜನ ಸಣ್ಣ ದೋಣಿಗೆ ಇಳಿದು ದಡ ಸೇರಬೇಕು. ಜೂನ್ ತಿಂಗಳ ಅಲೆಯಲ್ಲಿ ಆ ಇಳಿಯುವಿಕೆ ಮುದುಕರಿಗೂ ಬಸುರಿಯರಿಗೂ ಹೇಗಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಹಡಗುಗಳ ಸಂಖ್ಯೆಯೂ ಬೆರಳೆಣಿಕೆಯದು. 700 ಜನರನ್ನು ಹೊರುವ ಎಂ.ವಿ. ಕವರತ್ತಿಯ ಎಂಜಿನ್ ಕೋಣೆಯಲ್ಲಿ 2021ರ ಡಿಸೆಂಬರ್‌ನಲ್ಲಿ ಬೆಂಕಿ ಕಾಣಿಸಿಕೊಂಡಿತು. ಪ್ರಾಣಹಾನಿಯಾಗಲಿಲ್ಲ, ಆದರೆ ಅಂಥ ಒಂದು ಹಡಗು ದುರಸ್ತಿಗೆ ಹೋಯಿತೆಂದರೆ ಅದರ ಸಾಲು ವಿಮಾನದ ಬಾಗಿಲಲ್ಲಿ ಬೆಳೆಯುತ್ತದೆ.

ಈ ಇಕ್ಕಟ್ಟಿನಿಂದ ಒಮ್ಮೆ ಉಪಕಾರವೂ ಆಗಿದೆ. 2020ರಲ್ಲಿ ಇಡೀ ದೇಶ ಕೊರೊನಾದಲ್ಲಿ ಬೇಯುತ್ತಿದ್ದಾಗ ಲಕ್ಷದ್ವೀಪದಲ್ಲಿ ಒಂದು ಪ್ರಕರಣವೂ ಇರಲಿಲ್ಲ. ಬರುವ ದಾರಿಯೇ ಎರಡು, ಅವೆರಡಕ್ಕೂ ಕೊಚ್ಚಿಯಲ್ಲೇ ಅಗುಳಿ ಹಾಕಬಹುದಿತ್ತು. ಪ್ರತ್ಯೇಕವಾಸದ ನಿಯಮ ಸಡಿಲವಾದ ಮೇಲೆ, 2021ರ ಜನವರಿ 18ರಂದು ಮೊದಲ ಪ್ರಕರಣ ದಾಖಲಾಯಿತು.

ಈಗ ಎರಡನೆಯ ಪ್ರಧಾನಿಯ ಮಾತು. 2024ರ ಜನವರಿ ಮೊದಲ ವಾರ ನರೇಂದ್ರ ಮೋದಿ ಲಕ್ಷದ್ವೀಪದ ಕಡಲ ದಂಡೆಯಲ್ಲಿ ಕುಳಿತ, ನೀರಿಗಿಳಿದ ಚಿತ್ರಗಳು ಹರಡಿದವು. ಮಾಲ್ದೀವ್ಸ್‌ನ ಕೆಲವು ಕಿರಿಯ ಸಚಿವರು ಕೊಂಕು ನುಡಿದರು, ಇಲ್ಲಿನವರು ಸಿಟ್ಟಿನಿಂದ ಲಕ್ಷದ್ವೀಪ ಹುಡುಕತೊಡಗಿದರು. ಅಗತ್ತಿಯ ಟಿಕೆಟ್‌ಗಳು ಮಾಯವಾದವು. ಅಲಯನ್ಸ್ ಏರ್ ಹೆಚ್ಚುವರಿ ಹಾರಾಟ ಸೇರಿಸಿತು. ಮಾರ್ಚ್ 31ರಂದು ಇಂಡಿಗೊ ಬೆಂಗಳೂರಿನಿಂದ ಅಗತ್ತಿಗೆ ನೇರ ಎಟಿಆರ್ ವಿಮಾನ ಹಾರಿಸಿತು, ಆಮೇಲೆ ಕೊಚ್ಚಿಯಿಂದಲೂ. ಹೊಸ ಕಂಪನಿ ಫ್ಲೈ 91 ಗೋವಾದಿಂದ ಬಂತು. ಮೂವತ್ತಾರು ವರ್ಷ ಸರಕಾರ ಎಳೆದುಕೊಂಡು ಬಂದ ದಾರಿಗೆ ಮೂರು ತಿಂಗಳಲ್ಲಿ ಪೈಪೋಟಿ ಹುಟ್ಟಿತು.

ಬೆಂಗಳೂರಿನ ಪ್ರವಾಸಿಗೆ ಇದು ಒಳ್ಳೆಯ ಸುದ್ದಿ. ದ್ವೀಪದವರಿಗೂ ಹೆಚ್ಚು ವಿಮಾನವೆಂದರೆ ಹೆಚ್ಚು ಆಯ್ಕೆಯೇ. ಆದರೆ ಎರಡೂ ಗುಂಪು ಕೇಳುವ ಸೀಟು ಒಂದೇ ಬಗೆಯದಲ್ಲ. ಪ್ರವಾಸಿ ಮೂರು ತಿಂಗಳ ಮೊದಲೇ ದಿನ ಗೊತ್ತುಮಾಡುತ್ತಾನೆ. ಪ್ರವೇಶ ಪರವಾನಗಿ ಬೇಕಾದ್ದರಿಂದ ಹಾಗೆ ಮಾಡಲೇಬೇಕು. ದ್ವೀಪದವನಿಗೆ ಸೀಟು ಬೇಕಾಗುವುದು ನಾಳೆ: ತಾಯಿಗೆ ಕೊಚ್ಚಿಯ ಆಸ್ಪತ್ರೆಯಲ್ಲಿ ತಪಾಸಣೆ, ಮಗಳಿಗೆ ಕಾಲೇಜಿನ ದಾಖಲಾತಿ. ಬೇಡಿಕೆ ಏರಿದಂತೆ ಕೊನೆಗಳಿಗೆಯ ದರ ಏರುವ ಲೆಕ್ಕದಲ್ಲಿ ಮೊದಲು ಸೋಲುವವನು ತುರ್ತಿನವನೇ. ಅಗತ್ತಿಯ ಜನಸಂಖ್ಯೆ 2011ರ ಗಣತಿಯಂತೆ 7,566, ಇಡೀ ಲಕ್ಷದ್ವೀಪದ್ದು 64,473. ಅಗತ್ತಿ ಬಿಟ್ಟು ಉಳಿದವರೆಲ್ಲ ವಿಮಾನ ಹತ್ತಬೇಕಾದರೂ ಮೊದಲು ಕಡಲು ದಾಟಬೇಕು. ಒಂಬತ್ತು ಡಿಗ್ರಿ ಕಾಲುವೆ ಎಂಬ ಅಗಲವಾದ ಕಡಲಿನ ಆಚೆಗಿರುವ ಮಿನಿಕಾಯ್‌ನವರಿಗಂತೂ ಅಗತ್ತಿ ಹೆಸರಿಗಷ್ಟೇ ತಮ್ಮ ನಿಲ್ದಾಣ.

ರನ್‌ವೇ ಉದ್ದ ಮಾಡಿದರಾಗದೆ? ಅಗತ್ತಿಯ ದಕ್ಷಿಣಕ್ಕಿರುವ ಕಲ್ಪಿಟ್ಟಿ ಎಂಬ ಜನವಸತಿಯಿಲ್ಲದ ತುಂಡು ದ್ವೀಪದತ್ತ ಅದನ್ನು ಚಾಚುವ ಯೋಜನೆ ಹಳೆಯದು. ನಡುವೆ ಇರುವುದು ಹವಳದ ದಿಬ್ಬ. ಅಲೆಯನ್ನು ತಡೆದು ದ್ವೀಪವನ್ನು ದ್ವೀಪವಾಗಿ ಉಳಿಸಿರುವುದು ಆ ಹವಳವೇ. ಇದೇ ಲಕ್ಷದ್ವೀಪದಲ್ಲಿ ಪರಳಿ ಎಂಬ ಪುಟ್ಟ ದ್ವೀಪವೊಂದು ಕೊರೆತಕ್ಕೆ ಸಿಕ್ಕಿ ಕಣ್ಮರೆಯಾಗಿದೆ. ಜೆಟ್ ಇಳಿಯಲೆಂದು ಗೋಡೆಯನ್ನು ಒಡೆಯಬೇಕೇ ಎಂಬ ಪ್ರಶ್ನೆ ಎತ್ತುವವರನ್ನು ಅಭಿವೃದ್ಧಿಯ ವಿರೋಧಿಗಳೆನ್ನುವುದು ಸುಲಭ, ನ್ಯಾಯವಲ್ಲ. ಮಿನಿಕಾಯ್‌ನಲ್ಲಿ ಸೇನೆಯೂ ನಾಗರಿಕರೂ ಬಳಸುವ ಹೊಸ ನಿಲ್ದಾಣದ ಪ್ರಸ್ತಾಪವೂ ಚಾಲ್ತಿಯಲ್ಲಿದೆ.

ಅಳಿದ ಆ ದ್ವೀಪದ ಹೆಸರನ್ನೇ ಒಂದು ವೇಗದ ಹಡಗಿಗೆ ಇಟ್ಟಿದ್ದಾರೆ. 2024ರ ಮೇ ಮೊದಲ ವಾರ ಆ ಪರಳಿ 160 ಪ್ರಯಾಣಿಕರನ್ನು ಹೊತ್ತು, ಸುಮಾರು ಏಳು ಗಂಟೆಯಲ್ಲಿ ಕಡಲು ದಾಟಿ, ಕೊಚ್ಚಿಯ ಗೊಡವೆಯಿಲ್ಲದೆ ಮಂಗಳೂರಿನ ಹಳೆ ಬಂದರಿಗೆ ಬಂದು ನಿಂತಿತು. ದಕ್ಕೆಯಲ್ಲಿ ಮಂಜಿಗಳು ಕೊನೆಯ ಸರಕು ತುಂಬುವ ಅವಸರದಲ್ಲಿದ್ದವು. ಮೇ 15ಕ್ಕೆ ಮಳೆಗಾಲದ ನಿಷೇಧ ಶುರುವಾಗುತ್ತದೆ. ಆಮೇಲೆ ಸೆಪ್ಟೆಂಬರ್ 15ರವರೆಗೆ ಈರುಳ್ಳಿಗೂ ನೇರ ದಾರಿ ಇಲ್ಲ.