ಏಟು ತಿಂದವಳಿಗೇ ಮೊದಲ ಪ್ರಶ್ನೆ

ಸಕಲೇಶಪುರದ ಕಾಫಿ ತೋಟದ ಲೈನ್ ಮನೆಯಾಗಲಿ, ಹಾಸನ ಪೇಟೆಯ ಬಾಡಿಗೆ ಮನೆಯಾಗಲಿ, ಗಂಡನಿಂದ ಏಟು ತಿಂದ ಕ್ರೈಸ್ತ ಹೆಂಗಸು ಠಾಣೆಗಿಂತ ಮೊದಲು ಹೋಗುವುದು ಫಾದರ್ ಬಳಿಗೋ ಪಾಸ್ಟರ್ ಬಳಿಗೋ. ಅಲ್ಲಿ ಕೂತ ಹಿರಿಯರು ಕೇಳುತ್ತಾರೆ: "ನೀನೇನಂದೆಯಮ್ಮಾ ಅವನಿಗೆ? ಕುಡಿದು ಬಂದಾಗ ನೀನಾದರೂ ಸುಮ್ಮನಿರಬಾರದಿತ್ತಾ?" ಹೊಡೆದವನನ್ನು ಕರೆಸಿ ಕೇಳುವುದೇನಿದ್ದರೂ ಆಮೇಲೆ.

ಬಹಳ ಕಾಲ ಕಾನೂನೂ ಈ ಹಿರಿಯರ ಪಕ್ಕದಲ್ಲೇ ಕೂತಿತ್ತು. 1869ರ ಭಾರತೀಯ ವಿಚ್ಛೇದನ ಕಾಯ್ದೆಯನ್ನು ಇಂಗ್ಲೆಂಡಿನ 1857ರ ಕಾಯ್ದೆ ನೋಡಿ ಬರೆಯಲಾಗಿತ್ತು. ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದನ್ನು ತೋರಿಸಿದರೆ ವಿಚ್ಛೇದನ ಸಿಗುತ್ತಿತ್ತು. ಹೆಂಡತಿಗೆ ಅಷ್ಟು ಸಾಲದು. ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ, ಎರಡು ವರ್ಷ ಬಿಟ್ಟುಹೋದದ್ದನ್ನೋ ಅವಳು ಸಾಬೀತು ಮಾಡಬೇಕಿತ್ತು. ಬರೀ ಹೊಡೆತಕ್ಕೆ ಸಿಗುತ್ತಿದ್ದದ್ದು ನ್ಯಾಯಿಕ ಪ್ರತ್ಯೇಕತೆ ಮಾತ್ರ, ಅಂದರೆ ಬೇರೆ ಇರಬಹುದು, ಮದುವೆ ಹಾಗೇ ಇರುತ್ತದೆ. ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡವನಿಂದ ಗಂಡ ಹಣದ ಪರಿಹಾರ ಕೇಳಲು 34ನೇ ಕಲಮು ಅವಕಾಶ ಕೊಟ್ಟಿತ್ತು, ಕಳುವಾದ ಹಸುವಿಗೆ ಬೆಲೆ ಕಟ್ಟಿದ ಹಾಗೆ! ಜಿಲ್ಲಾ ನ್ಯಾಯಾಲಯ ಕೊಟ್ಟ ವಿಚ್ಛೇದನಕ್ಕೂ ಹೈಕೋರ್ಟಿನ ಮುದ್ರೆ ಬೀಳಬೇಕಿತ್ತು. ಹಾಸನದ ಬಡ ಹೆಂಗಸಿಗೆ ಅದೆಂಥ ಶಿಕ್ಷೆ!

ಇಂಗ್ಲೆಂಡ್ 1923ರಲ್ಲೇ ಈ ತಾರತಮ್ಯ ತೆಗೆದುಹಾಕಿತು. ನಮ್ಮಲ್ಲಿ 1995ರಲ್ಲಿ ಕೇರಳ ಹೈಕೋರ್ಟ್, 1997ರಲ್ಲಿ ಬಾಂಬೆ ಹೈಕೋರ್ಟ್ ಕ್ರೈಸ್ತ ಹೆಂಗಸರ ಅರ್ಜಿಯ ಮೇಲೆ ಈ ತಾರತಮ್ಯ ಸಲ್ಲದು ಎಂದು ತೀರ್ಪು ಕೊಟ್ಟವು. ಕ್ರೌರ್ಯವೊಂದೇ ಸಾಕು ಎಂದು ಸಂಸತ್ತು ಒಪ್ಪಿದ್ದು 2001ರಲ್ಲಿ, 132 ವರ್ಷ ಕಳೆದ ಮೇಲೆ.

ಕಾಯ್ದೆ ಬದಲಾದರೂ ಹಿರಿಯರ ಪ್ರಶ್ನೆ ಬದಲಾಗಲಿಲ್ಲ. ಅದಕ್ಕೆ ಆಧಾರವಾಗಿ ಬೈಬಲಿನ, ಎಫೆಸದವರಿಗೆ ಬರೆದ ಪತ್ರದ ಐದನೇ ಅಧ್ಯಾಯ ತೆಗೆಯುತ್ತಾರೆ: ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು. ಅದು 22ನೇ ವಚನ. ಒಬ್ಬರಿಗೊಬ್ಬರು ಅಧೀನರಾಗಿರಿ ಎನ್ನುವ 21ನೆಯದನ್ನೂ, ಕ್ರಿಸ್ತನು ಸಭೆಗಾಗಿ (ತನ್ನನ್ನು ನಂಬಿದವರ ಸಮುದಾಯಕ್ಕಾಗಿ) ಪ್ರಾಣ ಕೊಟ್ಟ ಹಾಗೆ ಹೆಂಡತಿಯನ್ನು ಪ್ರೀತಿಸು ಎಂದು ಗಂಡನಿಗೆ ಹೇಳುವ 25ನೆಯದನ್ನೂ ಏಟು ತಿಂದವಳ ಎದುರು ಯಾಕೆ ಓದುವುದಿಲ್ಲ? ನನಗೆ ಇದು ದೇವರ ವಾಕ್ಯಕ್ಕೇ ಮಾಡುವ ದ್ರೋಹವಾಗಿ ಕಾಣುತ್ತದೆ. ಹಾಸನವೂ ಸೇರಿರುವ ಚಿಕ್ಕಮಗಳೂರು ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಪಾಲಿಸುವ ಕಥೋಲಿಕ ಸಭೆಯ ಕಾನೂನಿನ 1153ನೇ ನಿಯಮ, ಸಂಗಾತಿಯಿಂದ ದೇಹಕ್ಕೋ ಮನಸ್ಸಿಗೋ ಗಂಭೀರ ಅಪಾಯವಿದ್ದರೆ ಬೇರೆ ಇರಬಹುದು ಎನ್ನುತ್ತದೆ. ಬೇರೆಯಾಗುವುದು ಕೆಲವೊಮ್ಮೆ ನೈತಿಕವಾಗಿ ಅಗತ್ಯ ಎಂದು ಪೋಪ್ ಫ್ರಾನ್ಸಿಸ್ 2016ರಲ್ಲಿ ಬರೆದರು. ಇದನ್ನೂ ಚರ್ಚಿನ ಮದುವೆ ಸಿದ್ಧತೆಯ ತರಗತಿಯಲ್ಲಿ ಹೇಳಿಕೊಡಬೇಕು.

"ದೇವರೆದುರು ಆದ ಮದುವೆಯ ಸಂಸ್ಕಾರ ಮುರಿಯಲು ನನಗಿಷ್ಟವಿಲ್ಲ, ಹೊಡೆತ ನಿಂತರೆ ಸಾಕು" ಎನ್ನುವ ಹೆಂಗಸರೇ ಹೆಚ್ಚು. ಅವರಿಗೆ ವಿಚ್ಛೇದನ ಕಾಯ್ದೆ ಬೇಕಿಲ್ಲ. 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಎಲ್ಲ ಧರ್ಮದವರಿಗೂ ಒಂದೇ. ಈ ಕಾಯ್ದೆಯಡಿ ಸರ್ಕಾರ ನೇಮಿಸಿದ ಸಂರಕ್ಷಣಾಧಿಕಾರಿಗೆ ದೂರು ಕೊಟ್ಟು, ಮ್ಯಾಜಿಸ್ಟ್ರೇಟರಿಂದ ರಕ್ಷಣಾ ಆದೇಶ ಪಡೆದು, ಮದುವೆ ಉಳಿಸಿಕೊಂಡೇ ಅದೇ ಮನೆಯಲ್ಲಿ ಇರಬಹುದು. ಮನೆ ಗಂಡನ ಹೆಸರಿನಲ್ಲಿದ್ದರೂ ಸರಿ.