ಕೊನೆಯ ಹತ್ತು ಗಾಡಿ, ಮೊದಲ ಎರಡು ಕಿಲೋಮೀಟರ್

ಶುಕ್ರವಾರ ಮಡಿಕೇರಿಯಲ್ಲಿ ಸಂತೆ. ಅದು ಸಾಲದೆಂಬಂತೆ ವಾರಾಂತ್ಯದ ಪ್ರವಾಸಿ ಕಾರುಗಳು ಸಂಜೆಯಿಂದಲೇ ಕುಶಾಲನಗರದ ಕಡೆಯಿಂದ ಗುಡ್ಡ ಏರತೊಡಗುತ್ತವೆ. ಜನರಲ್ ತಿಮ್ಮಯ್ಯ ವೃತ್ತದ ಆಸುಪಾಸು ಸಿಕ್ಕಿಬಿದ್ದವರ ಬಾಯಲ್ಲಿ ಬರುವುದು ಒಂದೇ ಮಾತು: ‘ಗಾಡಿ ಜಾಸ್ತಿಯಾಯ್ತು.’ ಮಾತು ತಪ್ಪಲ್ಲ. ಆದರೆ ಎಷ್ಟು ಗಾಡಿ ಜಾಸ್ತಿಯಾದರೆ ಎಷ್ಟು ಹೊತ್ತು ತಡ ಎಂಬ ಲೆಕ್ಕ ನಾವು ಅಂದುಕೊಂಡ ಹಾಗಿಲ್ಲ.

ವೃತ್ತಕ್ಕೆ ಬಂದು ಸೇರುವ ಒಂದು ರಸ್ತೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅಲ್ಲಿಂದ ಸರಾಸರಿ 4 ಸೆಕೆಂಡಿಗೆ ಒಂದು ಗಾಡಿ ಒಳಗೆ ನುಗ್ಗಬಲ್ಲದು, ಅಂದರೆ ಗಂಟೆಗೆ 900. ಗಾಡಿಗಳು ಗಡಿಯಾರ ನೋಡಿಕೊಂಡು ಸಮನಾಗಿ ಬರುವುದಿಲ್ಲ. ಒಮ್ಮೆ ನಾಲ್ಕು ಒಟ್ಟಿಗೆ ಬರುತ್ತವೆ, ಒಮ್ಮೆ ಒಂದೂ ಇರುವುದಿಲ್ಲ. ಸರತಿ ಸಾಲಿನ ಗಣಿತದಲ್ಲಿ ಇದಕ್ಕೊಂದು ಸರಳ ಸೂತ್ರವಿದೆ. ಅದರ ಪ್ರಕಾರ ಗಂಟೆಗೆ 720 ಗಾಡಿ ಬಂದರೆ ಒಂದೊಂದಕ್ಕೂ ವೃತ್ತ ಸೇರಲು ಸರಾಸರಿ 20 ಸೆಕೆಂಡು ಬೇಕು. 810 ಬಂದರೆ 40 ಸೆಕೆಂಡು, 855 ಬಂದರೆ 80. 882 ಬಂದರೆ 200 ಸೆಕೆಂಡು, ಅಂದರೆ ಮೂರು ನಿಮಿಷ ದಾಟಿತು. 855ಕ್ಕೂ 882ಕ್ಕೂ ಇರುವ ವ್ಯತ್ಯಾಸ ಗಂಟೆಗೆ 27 ಗಾಡಿ, ಇಪ್ಪತ್ತು ನಿಮಿಷಕ್ಕೆ ಒಂಬತ್ತೋ ಹತ್ತೋ. ಎಲ್ಲರ ಕಾಯುವಿಕೆಯನ್ನೂ ಎರಡೂವರೆ ಪಟ್ಟು ಮಾಡುವುದು ಕೊನೆಗೆ ಬಂದ ಈ ಹತ್ತು ಗಾಡಿ.

900 ದಾಟಿದರೆ ಸೂತ್ರವೇ ಕೈ ಚೆಲ್ಲುತ್ತದೆ. ಒಂದು ಗಂಟೆ ಕಾಲ 960ರ ಲೆಕ್ಕದಲ್ಲಿ ಬಂದರೆ 60 ಗಾಡಿ ಹಿಂದೆ ಉಳಿಯುತ್ತವೆ. ಒಂದಕ್ಕೆ 6 ಮೀಟರ್ ಜಾಗ ಎಂದರೂ ಸಾಲು 360 ಮೀಟರ್ ಉದ್ದ. ಮುಂದಿನ ಗಂಟೆ ಬರುವ ಗಾಡಿ 840ಕ್ಕೆ ಇಳಿದರೂ ಆ ಸಾಲು ಕರಗಲು ಇನ್ನೊಂದು ಪೂರ್ತಿ ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ಹತ್ತಕ್ಕೆ ನುಗ್ಗಿದ ಗಾಡಿಗಳ ಪಾಪವನ್ನು ಹನ್ನೊಂದೂ ಮುಕ್ಕಾಲಕ್ಕೆ ಬಂದವರು ಅನುಭವಿಸುವುದು ಹೀಗೆ.

ಇದೇ ಲೆಕ್ಕದಲ್ಲಿ ಸಮಾಧಾನವೂ ಅಡಗಿದೆ. ತಡವನ್ನು ಅರ್ಧಕ್ಕೆ ಇಳಿಸಬೇಕಾದರೆ ಅರ್ಧ ಗಾಡಿಗಳನ್ನು ಮನೆಯಲ್ಲಿ ನಿಲ್ಲಿಸಬೇಕಾಗಿಲ್ಲ, ನೂರಕ್ಕೆ ಐದಾರು ಸಾಕು. ಸ್ಟಾಕ್‌ಹೋಮ್ ನಗರ 2006ರಲ್ಲಿ ದಟ್ಟಣೆಯ ಹೊತ್ತಿಗೆ ಶುಲ್ಕ ಹಾಕಿ ನೋಡಿದಾಗ ನಗರದ ಗಡಿ ದಾಟುವ ವಾಹನಗಳು ಸುಮಾರು ಐದನೇ ಒಂದು ಪಾಲು ಇಳಿದವು. ಸಾಲಿನಲ್ಲಿ ಕಾಯುವ ಹೊತ್ತು ಅದಕ್ಕಿಂತ ದೊಡ್ಡ ಪ್ರಮಾಣದಲ್ಲಿ ಇಳಿಯಿತು. ನಮಗೆ ಹತ್ತಿರದ ಉದಾಹರಣೆ ಊಟಿ, ಕೊಡೈಕೆನಾಲ್. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಅಲ್ಲಿ ಇ-ಪಾಸ್ ಬಂತು. 2025ರ ಏಪ್ರಿಲ್‌ನಿಂದ ನೀಲಗಿರಿಗೆ ವಾರದ ದಿನಗಳಲ್ಲಿ ದಿನಕ್ಕೆ 6,000, ವಾರಾಂತ್ಯದಲ್ಲಿ ದಿನಕ್ಕೆ 8,000 ವಾಹನಗಳ ಮಿತಿ ಹಾಕಿದರು. ಅದನ್ನೇ ಕೊಡಗಿಗೂ ತನ್ನಿ ಎನ್ನುವವರು ಒಂದು ಸಂಗತಿ ಮರೆಯುತ್ತಾರೆ. ಇಲ್ಲಿಗೆ ಕುಶಾಲನಗರ, ಸಂಪಾಜೆ, ಮಾಕುಟ್ಟ, ಕುಟ್ಟ, ತಿತಿಮತಿ, ಶನಿವಾರಸಂತೆ ಎಂದು ಬಾಗಿಲುಗಳು ಹಲವು. ಅದಕ್ಕಿಂತ ಮುಖ್ಯವಾಗಿ, ಮೇಲಿನ ಲೆಕ್ಕದಲ್ಲಿ ತೊಂದರೆ ಕೊಟ್ಟದ್ದು ದಿನದ ಒಟ್ಟು ಸಂಖ್ಯೆಯಲ್ಲ, ಒಂದು ವೃತ್ತದ ಒಂದು ಗಂಟೆಯ ಸಂಖ್ಯೆ. ದಿನಕ್ಕಿಷ್ಟು ಎಂಬ ಮಿತಿಗಿಂತ, ಹೋಂಸ್ಟೇಗಳವರು ಕೋಣೆ ಬಿಡುವ ಹೊತ್ತನ್ನು ಒಬ್ಬರು ಒಂಬತ್ತಕ್ಕೆ, ಇನ್ನೊಬ್ಬರು ಹನ್ನೊಂದಕ್ಕೆ ಎಂದು ಹಂಚಿಕೊಂಡರೆ ಹೆಚ್ಚು ಉಪಯೋಗ.

ರಸ್ತೆ ಅಗಲ ಮಾಡಬಾರದೇ ಎಂದು ಕೇಳಬಹುದು. ಗುಡ್ಡದ ಬುಡ ಕೊರೆದರೆ ಏನಾಗುತ್ತದೆಂದು 2018ರ ಆಗಸ್ಟ್ ಮಳೆಯ ನಂತರ ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇರುವ ರಸ್ತೆಯನ್ನೇ ನಾವು ಪೂರ್ತಿ ಬಳಸುತ್ತಿಲ್ಲ. ಎರಡು ಪಥದ ರಸ್ತೆಯ ಅಗಲ 7 ಮೀಟರ್. ಪೇಟೆಯೊಳಗೆ ಎಷ್ಟೋ ಕಡೆ ಅಷ್ಟೂ ಇಲ್ಲ. ಅಂಚಿನಲ್ಲಿ ಒಂದು ಕಾರು ನಿಂತು ಬಾಗಿಲು ತೆರೆಯಿತೆಂದರೆ ಎರಡೂವರೆ ಮೀಟರ್ ಹೋಯಿತು. ಉಳಿದ ನಾಲ್ಕೂವರೆಯಲ್ಲಿ ಎರಡು ಕಾರು ಉಸಿರು ಬಿಗಿಹಿಡಿದು ದಾಟಬಹುದು. ಬಸ್ಸಿನ ಮೈಯೇ ಎರಡೂವರೆ ಮೀಟರ್ ಅಗಲ, ಅದರ ಜೊತೆಗೆ ಕಾರು ಹಿಡಿಸದು. ಅಲ್ಲಿಗೆ ಎರಡು ಪಥದ ರಸ್ತೆ ಒಂದು ಪಥವಾಯಿತು. ಎದುರುಬದುರು ಬಂದವರು ‘ನೀ ಹೋಗು, ನಾ ಹೋಗುವೆ’ ಎಂದು ಸರದಿ ಹಚ್ಚುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮರ್ಥ್ಯ ನಷ್ಟ. ‘ಎರಡೇ ನಿಮಿಷ, ಮೆಡಿಕಲ್‌ಗೆ ಹೋಗಿ ಬಂದೆ’ ಎಂದು ಇಂಡಿಕೇಟರ್ ಹಾಕಿ ನಿಲ್ಲಿಸುವವರು ಇಂಥ ರಸ್ತೆಯಲ್ಲಿ ಹದಿನೈದು ಗಾಡಿಗಳ ಸರದಿ ನುಂಗಿರುತ್ತಾರೆ.

ಜಾಗ ಹುಡುಕುತ್ತಾ ಸುತ್ತುವುದು ಇನ್ನೊಂದು ಕಾಟ. ಅಮೆರಿಕದ ಡೊನಾಲ್ಡ್ ಶೂಪ್ ಎಂಬ ವಿದ್ವಾಂಸರು ಬದುಕಿಡೀ ಪಾರ್ಕಿಂಗ್ ಒಂದನ್ನೇ ಅಭ್ಯಾಸ ಮಾಡಿದವರು. ರಸ್ತೆಬದಿಯ ಜಾಗದಲ್ಲಿ ಶೇ 85 ತುಂಬಿ, ಏಳಕ್ಕೊಂದು ಖಾಲಿ ಉಳಿದರೆ ಯಾರೂ ಸುತ್ತಬೇಕಾಗಿಲ್ಲ ಎಂಬುದು ಅವರ ಸೂತ್ರ. ಇಡೀ ದಿನ ಅಂಗಡಿ ಮುಂದೆ ನಿಲ್ಲುವ ಗಾಡಿಗಳು ಹೆಚ್ಚಾಗಿ ಅಂಗಡಿಯವರದ್ದೇ, ಕಚೇರಿಯವರದ್ದೇ. ಅವಷ್ಟೇ ಪೇಟೆಯ ಹೊರಗೆ ನಿಂತರೆ ಗಿರಾಕಿಗಳಿಗೆ ಆ ಏಳನೆಯ ಜಾಗ ಸಿಗುತ್ತದೆ.

ಇನ್ನು ಬಸ್ಸು. ರಸ್ತೆ ಎಂಜಿನಿಯರುಗಳು ಎಲ್ಲ ವಾಹನಗಳನ್ನೂ ಕಾರಿನ ಲೆಕ್ಕಕ್ಕೆ ಇಳಿಸುತ್ತಾರೆ: ಕಾರು 1, ಬೈಕು 0.5, ಬಸ್ಸು 3. ನಲವತ್ತು ಜನ ಒಂದು ಬಸ್ಸಿನಲ್ಲಿ ಬಂದರೆ ರಸ್ತೆಗೆ ಬೀಳುವ ಭಾರ 3. ಬೈಕಿಗಿಬ್ಬರಂತೆ ಬಂದರೆ 10, ಕಾರಿಗೊಬ್ಬರಂತೆ ಬಂದರೆ 40. ರೈಲೇ ಇಲ್ಲದ ಜಿಲ್ಲೆಯಲ್ಲಿ ಬಸ್ಸಿಗೆ ಸಾಟಿ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ಸು ಉಚಿತ. ಆದರೆ ತೋಟದ ನಡುವಿನ ಊರುಗಳಿಗೆ ಓಡುವುದು ಬಹುಪಾಲು ಪ್ರೈವೇಟ್ ಬಸ್ಸು, ಅದರಲ್ಲಿ ಟಿಕೆಟ್ ಕೊಳ್ಳಲೇಬೇಕು. ಇಷ್ಟಾದರೂ ಜನ ಬಸ್ಸು ಬಿಟ್ಟು ಸ್ಕೂಟರ್ ಕೊಳ್ಳಲು ಕಾರಣ ದುಡ್ಡಿಗಿಂತ ಸಂಜೆಯ ಭಯ: ಕೊನೆಯ ಬಸ್ಸು ತಪ್ಪಿದರೆ ಏನು ಗತಿ? ಬೆಳಗಿನ ಎರಡು ಬಸ್ಸಿಗಿಂತ ರಾತ್ರಿ ಎಂಟರ ಒಂದು ಬಸ್ಸು ರಸ್ತೆಯಿಂದ ಹೆಚ್ಚು ಸ್ಕೂಟರ್ ಇಳಿಸೀತು.

ಯಾರೂ ಅಡ್ಡ ನಿಂತಿರದಿದ್ದರೂ ಸಾಲು ನಿಲ್ಲುವುದುಂಟು. 2008ರಲ್ಲಿ ಜಪಾನಿನ ಸಂಶೋಧಕರು 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಒಂದೇ ವೇಗದಲ್ಲಿ ಓಡಿಸಲು ಹೇಳಿದರು. ಸ್ವಲ್ಪ ಹೊತ್ತಿಗೆ ಒಬ್ಬ ಚೂರು ಬ್ರೇಕ್ ಒತ್ತಿದ, ಹಿಂದಿನವನು ಇನ್ನಷ್ಟು ಒತ್ತಿದ, ಕೊನೆಗೆ ಕೆಲವು ಕಾರು ನಿಂತೇ ಬಿಟ್ಟವು. ನಿಂತ ಗುಂಪು ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಅಲೆಯ ಹಾಗೆ ಹಿಂದಕ್ಕೆ ಸರಿಯಿತು. ಘಾಟಿಯಲ್ಲಿ ಲಾರಿಯ ಬಾಲಕ್ಕೆ ಅಂಟಿಕೊಂಡು ತಿರುವು ತಿರುವಿಗೂ ಬ್ರೇಕ್ ಒತ್ತುವವರು ಹಿಂದಿನ ಇಡೀ ಸಾಲಿಗೆ ಈ ಅಲೆಯನ್ನೇ ಕಳಿಸುತ್ತಿರುತ್ತಾರೆ. ಎರಡು ಸೆಕೆಂಡಿನ ಅಂತರ ಬಿಟ್ಟರೆ ಅಲೆ ಅಲ್ಲಿಗೇ ಸಾಯುತ್ತದೆ.

ಹೊಗೆಯ ಲೆಕ್ಕ ಬೇರೆ. ದಟ್ಟಣೆಯಲ್ಲಿ ಕೊನೆಯ ಗಾಡಿ ದುಬಾರಿಯಾದರೆ, ಹೊಗೆಯಲ್ಲಿ ಮೊದಲ ಕಿಲೋಮೀಟರ್ ದುಬಾರಿ. ಪೆಟ್ರೋಲ್ ಕಾರಿನ ಸೈಲೆನ್ಸರ್ ದಾರಿಯಲ್ಲಿ ಕೆಟಲಿಟಿಕ್ ಕನ್ವರ್ಟರ್ ಎಂಬ ಜೇನುಗೂಡಿನಂಥ ಡಬ್ಬಿ ಇರುತ್ತದೆ. ಪ್ಲಾಟಿನಂ ಜಾತಿಯ ಲೋಹ ಲೇಪಿಸಿದ ಅದು ವಿಷಾನಿಲಗಳನ್ನು ಒಡೆಯುತ್ತದೆ. ಆದರೆ ಅದು ಸುಮಾರು 250ರಿಂದ 300 ಡಿಗ್ರಿ ಕಾಯ್ದ ಮೇಲಷ್ಟೇ ಕೆಲಸಕ್ಕಿಳಿಯುತ್ತದೆ. ಅಷ್ಟರವರೆಗೆ, ಅದರ ಮೇಲೆ ತಣ್ಣಗಿರುವ ಎಂಜಿನ್ ಹೆಚ್ಚು ಪೆಟ್ರೋಲ್ ಕುಡಿಯುವುದರಿಂದ, ಇಂಗಾಲದ ಮೊನಾಕ್ಸೈಡ್ ಮತ್ತು ಅರೆಬೆಂದ ಹೈಡ್ರೋಕಾರ್ಬನ್‌ಗಳು ಹಾಗೇ ಹೊರಬರುತ್ತವೆ. ಹದಿನೈದು ಕಿ.ಮೀ. ಪ್ರಯಾಣದಲ್ಲಿ ಹೊರಡುವ ಇವುಗಳ ದೊಡ್ಡ ಪಾಲು ಮೊದಲ ಒಂದೆರಡು ಕಿಲೋಮೀಟರಿನದು. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯಂಥ ಪೇಟೆಯಲ್ಲಿ ಓಡಾಟ ಮುಗಿಯುವುದೇ ಎರಡು ಕಿಲೋಮೀಟರಿನಲ್ಲಿ. 2020ರ ಏಪ್ರಿಲ್ 1ರಿಂದ ಬಂದ, ಹೊಗೆ ನಿಯಮ ಬಿಗಿಯಾದ ಬಿಎಸ್-6 ಗಾಡಿಯಾದರೂ ಆ ಎರಡು ಕಿಲೋಮೀಟರಿನಲ್ಲಿ ತನ್ನ ಹೆಸರು ಉಳಿಸಿಕೊಳ್ಳುವುದು ಕಷ್ಟ. ಮನೆ ಗುಡ್ಡದ ಮೇಲಿದ್ದರೆ ಇನ್ನೂ ಕೆಟ್ಟದು: ಇಳಿಜಾರಿನಲ್ಲಿ ಎಂಜಿನ್‌ಗೆ ಹೊರೆಯಿಲ್ಲ, ಡಬ್ಬಿ ಬಿಸಿಯೇರುವುದಿಲ್ಲ, ಪೇಟೆ ಮುಟ್ಟಿದರೂ ಅದು ನಿದ್ದೆಯಲ್ಲೇ ಇರುತ್ತದೆ.

ಹಾಗೆಂದು ಅಂಗಳದಲ್ಲಿ ಐದು ನಿಮಿಷ ಸ್ಟಾರ್ಟ್ ಮಾಡಿ ಬಿಡುವುದು ಮದ್ದಲ್ಲ. ನಿಂತ ಎಂಜಿನ್ ನಿಧಾನಕ್ಕೆ ಕಾಯುತ್ತದೆ, ಗಂಟೆಗೆ ಮುಕ್ಕಾಲು ಲೀಟರ್ ಹತ್ತಿರ ಸುಡುತ್ತದೆ. ಅರ್ಧ ನಿಮಿಷ ಬಿಟ್ಟು ಮೆತ್ತಗೆ ಹೊರಡುವುದೇ ಸರಿ. ಬ್ಯಾಂಕು, ರೇಷನ್, ಗೊಬ್ಬರದ ಅಂಗಡಿಗೆ ಮೂರು ಸಲ ಹೋಗುವ ಬದಲು ಒಂದೇ ಸಲ ಸುತ್ತಿ ಬಂದರೆ ತಣ್ಣನೆಯ ಸ್ಟಾರ್ಟ್ ಒಂದೇ ಆಗುತ್ತದೆ. ಹೊಸ ಡೀಸೆಲ್ ಗಾಡಿಯವರಿಗೆ ಇದು ಜೇಬಿನ ಪ್ರಶ್ನೆಯೂ ಹೌದು. ಅದರ ಮಸಿ ಹಿಡಿಯುವ ಫಿಲ್ಟರ್ ಆಗಾಗ 600 ಡಿಗ್ರಿ ಸುಮಾರಿಗೆ ಕಾಯ್ದು ಮಸಿಯನ್ನು ಸುಟ್ಟುಕೊಳ್ಳಬೇಕು. ಅದಕ್ಕೆ ಹದಿನೈದಿಪ್ಪತ್ತು ನಿಮಿಷ ಎಡೆಬಿಡದ ಓಟ ಬೇಕು. ಪೇಟೆಯೊಳಗೇ ಓಡುವ ಗಾಡಿಯಲ್ಲಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಮಸಿ ಸುಡಲು ಚಿಮ್ಮಿಸಿದ ಡೀಸೆಲ್ ಎಂಜಿನ್ ಆಯಿಲ್‌ಗೆ ಸೇರಿ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಫಿಲ್ಟರಿನ ಎಚ್ಚರಿಕೆ ದೀಪ ಹತ್ತಿದ ದಿನ ಕುಶಾಲನಗರಕ್ಕೆ ಹೋಗಿ ಏರು ಹತ್ತಿ ಬಂದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಹೊಗೆಯ ಬಣ್ಣವೂ ಮಾತಾಡುತ್ತದೆ. ಚಳಿಗಾಲದ ಬೆಳಿಗ್ಗೆ ಬರುವ ಬಿಳಿ ಹೊಗೆ ಬರೀ ನೀರಾವಿ, ನಮ್ಮ ಉಸಿರು ಮಂಜಾಗುವ ಹಾಗೆ. ಎಂಜಿನ್ ಕಾಯ್ದ ಮೇಲೂ ಬಂದರೆ ಕೂಲೆಂಟ್ ಸೋರುತ್ತಿದೆ. ನೀಲಿ ಬಂದರೆ ಪಿಸ್ಟನ್ ರಿಂಗ್ ಸವೆದು ಆಯಿಲ್ ಉರಿಯುತ್ತಿದೆ. ಕಪ್ಪು ಬಂದರೆ ಡೀಸೆಲ್‌ಗೆ ತಕ್ಕ ಗಾಳಿ ಸಿಗುತ್ತಿಲ್ಲ. ಮಡಿಕೇರಿಯ ಎತ್ತರದಲ್ಲಿ ಗಾಳಿಯೇ ಕರಾವಳಿಗಿಂತ ಹತ್ತನೇ ಒಂದು ಪಾಲಿಗೂ ಹೆಚ್ಚು ತೆಳು. ಅದರ ಮೇಲೆ ಜನವರಿಯಿಂದ ಮಾರ್ಚ್‌ವರೆಗೆ ತೋಟದ ಮಣ್ಣುದಾರಿಯ ಧೂಳು ಏರ್ ಫಿಲ್ಟರ್ ತುಂಬಿರುತ್ತದೆ. ಕಾಫಿ ಕೊಯ್ಲಿನ ಕೊನೆಗೆ ಪಿಕಪ್, ಜೀಪುಗಳ ಏರ್ ಫಿಲ್ಟರ್ ಬದಲಿಸುವುದಕ್ಕಿಂತ ಅಗ್ಗದ ಮದ್ದು ಬೇರೆ ಇಲ್ಲ.

ಘಾಟಿಯ ಬಗ್ಗೆ ಒಂದು ಹಳೆಯ ನಂಬಿಕೆ ಇದೆ: ಸಂಪಾಜೆ ಕಡೆ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದೆಂದು. ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ, ಅಂದರೆ ಇಂಜೆಕ್ಷನ್ ಇರುವ ಕಾರಿನಲ್ಲಿ ಇದು ತಲೆಕೆಳಗು. ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ ಚಕ್ರವೇ ಎಂಜಿನ್ ತಿರುಗಿಸುತ್ತದೆ, ಕಂಪ್ಯೂಟರ್ ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಂತೆ ಸುಡುತ್ತಲೇ ಇರಬೇಕು. ಮೇಲಾಗಿ ಸುಮಾರು ಸಾವಿರ ಮೀಟರ್ ಇಳಿಯುವ ಒಂದು ಟನ್ ಕಾರಿನ ಶಕ್ತಿ, ಹೆಚ್ಚುಕಡಿಮೆ 2.7 ಯೂನಿಟ್ ವಿದ್ಯುತ್ತಿನಷ್ಟು, ಬಹುಪಾಲು ಬ್ರೇಕಿನಲ್ಲೇ ಶಾಖವಾಗುತ್ತದೆ. ಪ್ಯಾಡ್ ಸುಟ್ಟ ವಾಸನೆ ಎಂದರೆ ಗಾಳಿಗೆ ಸೇರಿದ ಲೋಹದ ಪುಡಿ. ಇನ್ನೂ ಕಾಯ್ದರೆ ಬ್ರೇಕೇ ಹಿಡಿಯದು. ಎರಡನೇ ಗೇರೇ ದೊಡ್ಡ ಬ್ರೇಕು. ಎಲೆಕ್ಟ್ರಿಕ್ ಕಾರಿನವರು ಆ ಶಕ್ತಿಯ ಅರ್ಧಕ್ಕಿಂತ ಹೆಚ್ಚನ್ನು ಮರಳಿ ಬ್ಯಾಟರಿಗೆ ತುಂಬಿಕೊಳ್ಳಬಹುದು, ಆದರೆ ಮಡಿಕೇರಿಯಲ್ಲಿ ಶೇ 100 ಚಾರ್ಜ್ ಮಾಡಿ ಹೊರಟರೆ ತುಂಬಲು ಜಾಗವೇ ಇರುವುದಿಲ್ಲ. ಇಳಿಯುವವರು ಶೇ 85ಕ್ಕೆ ನಿಲ್ಲಿಸಬೇಕು.

ಇಷ್ಟೆಲ್ಲ ಹೊಗೆ ಎಲ್ಲಿ ಹೋಗುತ್ತದೆ? ಮಳೆಗಾಲದಲ್ಲಿ ತೊಳೆದು ಹೋಗುತ್ತದೆ. ಡಿಸೆಂಬರ್, ಜನವರಿಯ ಸ್ವಚ್ಛ ರಾತ್ರಿಗಳಲ್ಲಿ ನೆಲ ಬೇಗ ತಣಿದು, ತಣ್ಣನೆಯ ಭಾರದ ಗಾಳಿ ಗುಡ್ಡಗಳಿಂದ ಜಾರಿ ತಗ್ಗಿಗೆ ಬಂದು ನಿಲ್ಲುತ್ತದೆ. ಮೇಲೆ ಬೆಚ್ಚನೆಯ ಗಾಳಿಯ ಮುಚ್ಚಳ. ಬೆಟ್ಟದ ಮೇಲಿನಿಂದ ನೋಡಿದರೆ ತಗ್ಗಿನಲ್ಲಿ ಹಾಲು ಚೆಲ್ಲಿದ ಹಾಗೆ ಕಾಣುವ ಮಂಜಿನ ಮೇಲ್ಮೈಯೇ ಆ ಮುಚ್ಚಳದ ಎತ್ತರ. ಒಲೆಯ ಹೊಗೆ, ತರಗೆಲೆ ಸುಟ್ಟ ಹೊಗೆ, ಗಾಡಿ ಹೊಗೆ ಎಲ್ಲ ಅದರಡಿಯಲ್ಲೇ. ಕೊಡಗಿನ ಗಾಳಿ ಒಳ್ಳೆಯದೆಂಬ ಮಾತು ಸರಾಸರಿಗೆ ನಿಜ. ಮೂಗು ಸರಾಸರಿಯನ್ನು ಉಸಿರಾಡುವುದಿಲ್ಲ. ಕೂದಲೆಳೆಯ ಇಪ್ಪತ್ತನೇ ಒಂದು ಪಾಲಿಗಿಂತ ಸಣ್ಣದಾದ ಪಿಎಂ 2.5 ಕಣಗಳಿಗೆ ನಮ್ಮ ದೇಶದ ಮಿತಿ ದಿನದ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15.

ಮುಚ್ಚಳ ಒಡೆಯುವುದು ಬಿಸಿಲು ಬಲಿತ ಮೇಲೆ, ಒಂಬತ್ತೂವರೆ ಹತ್ತರ ಹೊತ್ತಿಗೆ. ಶಾಲೆಗೆ ಮಕ್ಕಳನ್ನು ಬಿಡುವ ಹೊತ್ತು ಎಂಟೂವರೆಯಿಂದ ಒಂಬತ್ತು. ಎಂಜಿನ್ ತಣ್ಣಗಿದೆ, ಗೇಟಿನ ಮುಂದೆ ಸಾಲು ನಿಂತಿದೆ, ಮೇಲೆ ಮುಚ್ಚಳ ಬಿದ್ದಿದೆ, ಮತ್ತು ಸೈಲೆನ್ಸರ್ ಎತ್ತರಕ್ಕೆ ಎಲ್ಲರಿಗಿಂತ ಹತ್ತಿರವಿರುವುದು ಮಕ್ಕಳ ಮೂಗು. ಕಾರಿನ ಗಾಜು ಏರಿಸಿದರೆ ಪ್ರಯೋಜನ ಕಡಿಮೆ, ಮುಂದಿನ ಗಾಡಿಯ ಹೊಗೆಯೇ ಎಸಿಯೊಳಗೆ ಬರುತ್ತದೆ. ಸಾಲಿನಲ್ಲಿರುವಷ್ಟು ಹೊತ್ತು ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿ, ಸಾಲು ದಾಟಿದ ಕೂಡಲೇ ತೆಗೆಯಬೇಕು. ಅದಕ್ಕಿಂತ ಸುಲಭದ ದಾರಿ ಇದೆ. ಗಾಡಿ ಹೊಗೆಯ ದಟ್ಟಣೆ ರಸ್ತೆಯಿಂದ ನೂರೈವತ್ತರಿಂದ ಮುನ್ನೂರು ಮೀಟರಿನೊಳಗೆ ಇಳಿದುಬಿಡುತ್ತದೆ. ಗೇಟಿಗೆ ಮುನ್ನೂರು ಮೀಟರ್ ಹಿಂದೆ, ಸಾಲು ಶುರುವಾಗುವ ಮೊದಲೇ, ಎಂಜಿನ್ ಆರಿಸಿ ಮಗುವನ್ನು ಇಳಿಸಿ, ಸಾಧ್ಯವಾದರೆ ಮೇಲಿನ ಅಡ್ಡರಸ್ತೆಯಲ್ಲಿ ಕೈ ಹಿಡಿದು ನಡೆದರೆ ಐದು ನಿಮಿಷದ ದಾರಿ. ಸಾಲಿನಲ್ಲಿ ಕಾಯುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ.